ಇಲಿ ಹೊಡೆಯಲು ಎಷ್ಟು ಗಾಳಿ ಬೇಕು?

ಅಟ್ಟದ ಮೇಲೆ ಇಲಿ ಓಡಾಡುವ ಸದ್ದು ಕೇಳದ ಮನೆ ನಮ್ಮಲ್ಲಿ ಅಪರೂಪ. ಅಕ್ಕಿ ಮೂಟೆ, ಒಣಕೊಬ್ಬರಿ, ಕಪಾಟಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆ ಯಾವುದನ್ನೂ ಬಿಡದ ಈ ಪ್ರಾಣಿಯನ್ನು ಓಡಿಸಲು ಬೆಕ್ಕು, ಬೋನು, ಪಾಷಾಣ ಮುಂತಾದ ನಾನಾ ಉಪಾಯಗಳಿವೆ. ಇವೆಲ್ಲ ಸೋತಾಗ ಕೆಲವರ ತಲೆಗೆ ಇನ್ನೊಂದು ಯೋಚನೆ ಹೊಳೆಯುತ್ತದೆ. ಜಾತ್ರೆಯಲ್ಲಿ ಬಲೂನು ಹೊಡೆಯುವ ಏರ್‌ಗನ್ನಿನಿಂದ ಇಲಿಯನ್ನೂ ಹೊಡೆಯಬಾರದೇಕೆ? ಮದ್ದು ಬೇಡ, ಹೊಗೆಯಿಲ್ಲ, ಬೆಲೆಯೂ ಹೆಚ್ಚಲ್ಲ.

ಯೋಚನೆ ಹೊಸದೇನಲ್ಲ. ಯೂರೋಪು ಮತ್ತು ಅಮೆರಿಕದ ರೈತರು ಕಣಜ, ಕೊಟ್ಟಿಗೆಗಳಲ್ಲಿ ಹಲವು ತಲೆಮಾರುಗಳಿಂದ ಇದನ್ನೇ ಮಾಡುತ್ತ ಬಂದಿದ್ದಾರೆ. ಆದರೆ ಮನೆಯೊಳಗೆ ಬಳಸುವ ಕೋವಿಗೂ ಹೊಲದಲ್ಲಿ ಬಳಸುವ ಕೋವಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಹೊಲದಲ್ಲಿ ಶಕ್ತಿಯೇ ಗುಣ. ಮನೆಯೊಳಗೆ ಶಕ್ತಿಯೇ ದೋಷ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಬಾರದೆಂಬ ಮಾತು ಇಲಿಗೂ ಅನ್ವಯಿಸುತ್ತದೆ. ಏರ್‌ಗನ್ನಿನ ನಾಲ್ಕು ಶತಮಾನಗಳ ಇತಿಹಾಸವೂ ಸ್ವಾರಸ್ಯವೆಂಬಂತೆ ಇದೇ ದಾರಿಯಲ್ಲಿ ಸಾಗಿದೆ. ರಣರಂಗದ ಭಯಂಕರ ಆಯುಧವಾಗಿದ್ದುದು ದುರ್ಬಲವಾಗುತ್ತ, ಅಗ್ಗವಾಗುತ್ತ ಮನೆಯ ಪಡಸಾಲೆಗೆ ಬಂದಿತು. ಎಷ್ಟು ದುರ್ಬಲವಾದರೆ ಸಾಕು ಎಂಬ ಪ್ರಶ್ನೆಗೆ ಮಾತ್ರ ಒಂದೊಂದು ದೇಶವೂ ಒಂದೊಂದು ಉತ್ತರ ಕೊಟ್ಟಿದೆ.

ತಿದಿಯಿಂದ ತೊಡಗಿ

ಉಸಿರಿನ ಬಲದಿಂದ ಬಾಣ ಹಾರಿಸುವ ಊದುಕೊಳವೆಯೇ ಏರ್‌ಗನ್ನಿನ ಮುತ್ತಜ್ಜ. ಆಗ್ನೇಯ ಏಷ್ಯಾ ಮತ್ತು ಅಮೆಜಾನ್ ಕಾಡುಗಳ ಬುಡಕಟ್ಟು ಜನ ಅದನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಉಸಿರಿನ ಬದಲು ಯಂತ್ರದಿಂದ ಗಾಳಿಯನ್ನು ಒತ್ತುವ ಪ್ರಯತ್ನ ಯೂರೋಪಿನಲ್ಲಿ ಹದಿನಾರನೆಯ ಶತಮಾನದಲ್ಲಿ ನಡೆಯಿತು. ಇಂದು ಉಳಿದಿರುವ ಅತಿ ಹಳೆಯ ಯಾಂತ್ರಿಕ ಗಾಳಿಕೋವಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ರಾಜಮನೆತನದ ಆಯುಧ ಸಂಗ್ರಹಾಲಯದಲ್ಲಿದೆ. 1580ರ ಸುಮಾರಿನದೆನ್ನಲಾದ ಈ ಕೋವಿಯ ಹಿಡಿಯೊಳಗೆ ಕಮ್ಮಾರನ ತಿದಿಯಂಥ ಪುಟ್ಟ ತಿದಿಯೊಂದಿದೆ. ಕುದುರೆ ಎಳೆದರೆ ಸ್ಪ್ರಿಂಗ್ ತಿದಿಯನ್ನು ಒತ್ತುತ್ತದೆ, ಗಾಳಿ ನಳಿಗೆಯಲ್ಲಿ ನುಗ್ಗಿ ಸಣ್ಣ ಬಾಣವನ್ನು ತಳ್ಳುತ್ತದೆ.

ಆ ಕಾಲದ ಮದ್ದಿನ ಕೋವಿಗಳಿಗೆ ಹೋಲಿಸಿದರೆ ಇದರ ಅನುಕೂಲ ಸ್ಪಷ್ಟವಾಗಿತ್ತು. ಮಳೆಯಲ್ಲಿ ಮದ್ದು ನೆನೆದು ಹಾಳಾಗುವ ಭಯವಿಲ್ಲ. ಹೊಗೆ ಎದ್ದು ಗುರಿ ಮರೆಯಾಗುವುದಿಲ್ಲ. ಕಿಡಿ ಹಾರಿ ಹುಲ್ಲಿಗೆ ಬೆಂಕಿ ತಗಲುವುದಿಲ್ಲ. ಕಣಜ, ಕೊಟ್ಟಿಗೆಗಳ ದೃಷ್ಟಿಯಿಂದ ಕೊನೆಯ ಅಂಶವೇ ಮುಖ್ಯವಾದದ್ದು.

ಸೈನ್ಯ ಸೇರಿದ ಗಾಳಿ

ಆದರೆ ಮೊದಲಿಗೆ ಈ ತಂತ್ರ ನೆರವಾದದ್ದು ರೈತರಿಗಲ್ಲ, ಸೈನಿಕರಿಗೆ. ಟೈರೋಲ್ ಪ್ರಾಂತ್ಯದ ಬಾರ್ತೊಲೊಮಿಯೊ ಗಿರಾರ್ಡೋನಿ ಎಂಬ ಕುಶಲಕರ್ಮಿ 1779ರ ಸುಮಾರಿಗೆ ರೂಪಿಸಿದ ಗಾಳಿಕೋವಿಯನ್ನು ಆಸ್ಟ್ರಿಯಾದ ಸೈನ್ಯ ಮರುವರ್ಷವೇ ಅಂಗೀಕರಿಸಿತು. ಅದರ ಹಿಂಬದಿಯ ಹಿಡಿಯೇ ಗಾಳಿ ತುಂಬುವ ಕಬ್ಬಿಣದ ಅಂಡೆ. ಅದನ್ನು ಪೂರ್ತಿ ತುಂಬಲು ಕೈಪಂಪನ್ನು ಸುಮಾರು 1500 ಬಾರಿ ಒತ್ತಬೇಕಾಗಿತ್ತು. ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೀಸದ ಗುಂಡುಗಳು. ಉಳಿದ ಸೈನಿಕರು ಒಂದು ಗುಂಡಿಗೆ ಮದ್ದು ತುಂಬಿ ಗಜ ಹಾಕುವಷ್ಟರಲ್ಲಿ ಗಿರಾರ್ಡೋನಿ ಹಿಡಿದವನು ಹತ್ತಾರು ಗುಂಡು ಹಾರಿಸಬಲ್ಲವನಾಗಿದ್ದ. ನೂರು ಗಜ ದೂರದಲ್ಲೂ ಅದು ಮಾರಕವಾಗಿತ್ತು.

ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು 1803ರಲ್ಲಿ ಹೊರಟ ಮೆರಿವೆದರ್ ಲೂಯಿಸ್ ಕೂಡ ಇಂಥದೊಂದು ಗಾಳಿಕೋವಿಯನ್ನು ಒಯ್ದಿದ್ದ. ಅದು ಗಿರಾರ್ಡೋನಿ ಮಾದರಿಯದೇ ಎಂಬುದು ಇಂದಿನ ಬಹುಪಾಲು ಸಂಶೋಧಕರ ಅಭಿಪ್ರಾಯ. ದಾರಿಯುದ್ದಕ್ಕೂ ಮೂಲನಿವಾಸಿಗಳ ಮುಂದೆ ಅದನ್ನು ಹಾರಿಸಿ ತೋರಿಸಿ ಬೆರಗುಗೊಳಿಸುವುದು ಅವನ ವಾಡಿಕೆಯಾಗಿತ್ತು. ಆದರೆ ಅವನ ದಿನಚರಿಯ ಮೊದಲ ಪುಟದಲ್ಲೇ ಒಂದು ಅಪಘಾತ ದಾಖಲಾಗಿದೆ. 1803ರ ಆಗಸ್ಟ್ 30ರಂದು ಪಿಟ್ಸ್‌ಬರ್ಗ್ ಬಳಿಯ ದ್ವೀಪವೊಂದರಲ್ಲಿ ದೋಣಿ ನಿಲ್ಲಿಸಿದಾಗ, ನೋಡಲು ಬಂದವರ ಕೈಗೆ ಕೋವಿ ಕೊಟ್ಟ. ಅದರ ಪರಿಚಯವಿಲ್ಲದ ಒಬ್ಬಾತನ ಕೈಯಲ್ಲಿ ಗುಂಡು ಹಾರಿಯೇ ಬಿಟ್ಟಿತು. ಸುಮಾರು 40 ಗಜ ದೂರದಲ್ಲಿದ್ದ ಹೆಂಗಸಿನ ಟೋಪಿಯನ್ನು ತೂರಿ ಅವಳ ಕಣತಲೆಯನ್ನು ಸೀಳಿತು. ಅದೃಷ್ಟವಶಾತ್ ಗಾಯ ಆಳವಾಗಿರಲಿಲ್ಲ. ಗಾಳಿ ತಾನೇ ಎಂಬ ಉದಾಸೀನದಿಂದಾಗುವ ಅನಾಹುತಗಳ ಪಟ್ಟಿಯಲ್ಲಿ ಇದೊಂದು ಹಳೆಯ ಉದಾಹರಣೆ.

ಗಿರಾರ್ಡೋನಿ ಕೋವಿ ಹೆಚ್ಚು ಕಾಲ ಬಾಳಲಿಲ್ಲ. ತೊಗಲಿನ ಬಿರಡೆಗಳು ಒಣಗಿ ಗಾಳಿ ಸೋರುತ್ತಿತ್ತು, ರಿಪೇರಿಗೆ ನುರಿತವರೇ ಬೇಕಾಗಿತ್ತು. 1815ರ ಹೊತ್ತಿಗೆ ಸೈನ್ಯ ಅದನ್ನು ಕೈಬಿಟ್ಟಿತು. ಸದ್ದಿಲ್ಲದ ಆಯುಧದ ಬಗೆಗಿನ ಭಯ ಮಾತ್ರ ಜನಮನದಲ್ಲಿ ಉಳಿಯಿತು. 1903ರಲ್ಲಿ ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಕಥೆಯೊಂದರಲ್ಲಿ ಕರ್ನಲ್ ಮೊರಾನ್ ಎಂಬ ಖಳ ಕೊಲೆಗೆ ಬಳಸುವುದು ಗಾಳಿಕೋವಿಯನ್ನೇ. ಈ ಕಾಲ್ಪನಿಕ ಕರ್ನಲ್ ಹಿಂದೆ ಸೇವೆಯಲ್ಲಿದ್ದ ಪಡೆಗೆ ಲೇಖಕ ಇಟ್ಟ ಹೆಸರು 'ಬೆಂಗಳೂರು ಪಯನಿಯರ್ಸ್' ಎಂಬುದು ಕನ್ನಡಿಗರಿಗೆ ಕುತೂಹಲದ ಸಂಗತಿ.

ಪಡಸಾಲೆಗೆ ಬಂದ ಕೋವಿ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯೂರೋಪಿನ ಸಿರಿವಂತರ ಮನೆಗಳಲ್ಲಿ ಹೊಸ ಹವ್ಯಾಸವೊಂದು ಹುಟ್ಟಿಕೊಂಡಿತು. ಊಟವಾದ ಮೇಲೆ ಪಡಸಾಲೆಯ ಗೋಡೆಗೆ ಗುರಿಹಲಗೆ ನೇತುಹಾಕಿ ಹೊಡೆಯುವುದು! ಇದಕ್ಕೆಂದೇ ಫ್ರಾನ್ಸಿನ ಫ್ಲೋಬೇರ್ 1845ರಲ್ಲಿ ಅತಿ ಸಣ್ಣ ತೋಟೆಯನ್ನು ರೂಪಿಸಿದ. ಸಿಡಿಯುವ ಟೋಪಿಯ ತುದಿಗೊಂದು ಸೀಸದ ಗುಂಡು, ಅಷ್ಟೆ, ಬೇರೆ ಮದ್ದಿಲ್ಲ. ಮನೆಯೊಳಗಿನ ಕೋವಿ ಬೇಕೆಂದೇ ದುರ್ಬಲವಾಗಿರಬೇಕು ಎಂಬ ತತ್ವ ಇಲ್ಲಿ ಎದ್ದು ಕಾಣುತ್ತದೆ. ಅಮೆರಿಕದ ನಗರಗಳಲ್ಲಿ ಕಾಸು ತೆತ್ತು ಗುರಿ ಹೊಡೆಯುವ ಗ್ಯಾಲರಿಗಳು ತೆರೆದುಕೊಂಡಾಗ, ಅಲ್ಲಿಗೆ ಗಾಳಿಕೋವಿಗಳೇ ಹೆಚ್ಚು ಒಪ್ಪಿದವು. ನ್ಯೂಯಾರ್ಕ್ ರಾಜ್ಯದ ಹರ್ಕಿಮರ್ ಎಂಬ ಊರಿನಲ್ಲಿ ಹೆನ್ರಿ ಕ್ವಾಕೆನ್‌ಬುಷ್ ಎಂಬಾತ 1870ರ ದಶಕದಲ್ಲಿ ಗಾಳಿ ಪಿಸ್ತೂಲು, ಬಂದೂಕುಗಳನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿದ.

ಏರ್‌ಗನ್ ನಿಜಕ್ಕೂ ಬಡವರ ಕೈಗೆಟುಕಿದ್ದು ಒಂದು ಗಾಳಿಗಿರಣಿಯ ಕಂಪನಿಯಿಂದ. ಮಿಷಿಗನ್ ರಾಜ್ಯದ ಪ್ಲಿಮತ್ ಎಂಬ ಊರಿನಲ್ಲಿ 1882ರಲ್ಲಿ ಆರಂಭವಾದ ಈ ಕಂಪನಿ ರೈತರಿಗೆ ನೀರೆತ್ತುವ ಕಬ್ಬಿಣದ ಗಾಳಿಗಿರಣಿಗಳನ್ನು ಮಾರುತ್ತಿತ್ತು. ವ್ಯಾಪಾರ ಕುಂಟುತ್ತಿದ್ದ ಕಾಲದಲ್ಲಿ, 1888ರಲ್ಲಿ, ಕ್ಲಾರೆನ್ಸ್ ಹ್ಯಾಮಿಲ್ಟನ್ ಪೂರ್ತಿ ಲೋಹದಿಂದ ಮಾಡಿದ ಗಾಳಿಕೋವಿಯೊಂದನ್ನು ವ್ಯವಸ್ಥಾಪಕ ಲೂಯಿಸ್ ಹಫ್‌ನ ಮುಂದಿಟ್ಟ. ಒಂದೆರಡು ಗುಂಡು ಹಾರಿಸಿ ನೋಡಿದ ಹಫ್, ಆಗಿನ ಆಡುಮಾತಿನಲ್ಲಿ 'ಬಹಳ ಸೊಗಸಾಗಿದೆ' ಎಂಬರ್ಥ ಕೊಡುತ್ತಿದ್ದ 'ಡೇಸಿ' ಎಂಬ ಪದವನ್ನು ಉದ್ಗರಿಸಿದನಂತೆ. ಅದೇ ಕೋವಿಯ ಹೆಸರಾಯಿತು. ಮೊದಲು ಗಾಳಿಗಿರಣಿ ಕೊಂಡ ರೈತರಿಗೆ ಕೋವಿಯನ್ನು ಉಡುಗೊರೆಯಾಗಿ ಕೊಡಲಾಗುತ್ತಿತ್ತು. ಸ್ವಲ್ಪ ಕಾಲದಲ್ಲೇ ಗಿರಣಿಗಿಂತ ಉಡುಗೊರೆಗೇ ಬೇಡಿಕೆ ಹೆಚ್ಚಿತು! ಗಿರಣಿ ತಯಾರಿಕೆ ನಿಂತುಹೋಗಿ, 1895ರಲ್ಲಿ ಕಂಪನಿಯ ಹೆಸರೇ ಡೇಸಿ ಎಂದಾಯಿತು. ಕಣಜದ ಇಲಿ, ಜೋಳದ ಹೊಲದ ಹಕ್ಕಿ, ತಗಡಿನ ಡಬ್ಬ ಎಲ್ಲಕ್ಕೂ ಗುರಿಯಿಡುವ ಹಳ್ಳಿ ಹುಡುಗರು ಅದರ ದೊಡ್ಡ ಗ್ರಾಹಕರಾದರು.

ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಲಿಂಕನ್ ಜೆಫ್ರಿಸ್ 1904ರಲ್ಲಿ ಪೇಟೆಂಟ್ ಪಡೆದ ಸ್ಪ್ರಿಂಗ್ ಬಂದೂಕನ್ನು ಬಿಎಸ್‌ಎ ಕಂಪನಿ ತಯಾರಿಸಿತು. ವೆಬ್ಲಿ ಕಂಪನಿ 1924ರಲ್ಲಿ ಗಾಳಿ ಪಿಸ್ತೂಲನ್ನು ಹೊರತಂದಿತು. 1930ರ ದಶಕದಲ್ಲಿ ಬಂದ 'ಗ್ಯಾಟ್' ಎಂಬ ಪಿಸ್ತೂಲು ಇನ್ನೂ ಅಗ್ಗ, ಇನ್ನೂ ದುರ್ಬಲ. ಸೀಸದ ಗುಂಡು, ಮುಳ್ಳುಬಾಣ, ಕೊನೆಗೆ ಬಾಟಲಿಯ ಕಾರ್ಕನ್ನೂ ಹಾರಿಸುತ್ತಿದ್ದ ಅದು ಆಟಿಕೆಗೂ ಆಯುಧಕ್ಕೂ ನಡುವಿನ ವಸ್ತುವಾಗಿತ್ತು.

ಜೌಲ್ ಎಂಬ ಅಳತೆಗೋಲು

ಆಟಿಕೆ ಎಲ್ಲಿ ಮುಗಿಯುತ್ತದೆ, ಆಯುಧ ಎಲ್ಲಿ ಆರಂಭವಾಗುತ್ತದೆ? ಇದನ್ನು ನಿರ್ಧರಿಸಲು ಸರ್ಕಾರಗಳು ಆರಿಸಿಕೊಂಡ ಅಳತೆ, ನಳಿಗೆಯ ಬಾಯಿಂದ ಹೊರಡುವಾಗ ಗುಂಡಿನಲ್ಲಿರುವ ಶಕ್ತಿ. ಅದನ್ನು ಜೌಲ್‌ಗಳಲ್ಲಿ ಹೇಳುತ್ತಾರೆ. ಗುಂಡಿನ ತೂಕಕ್ಕಿಂತ ವೇಗಕ್ಕೆ ಇಲ್ಲಿ ಪ್ರಾಧಾನ್ಯ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಎರಡೂವರೆ ಜೌಲ್. ಅದೇ ಗುಂಡು 200 ಮೀಟರ್ ವೇಗದಲ್ಲಿ ಹೊರಟರೆ 10 ಜೌಲ್. 280 ಮೀಟರ್ ದಾಟಿದರೆ 20ರ ಸುಮಾರು. ಅಂಗಡಿಯ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ ವೇಗದ ಅಂಕಿಯನ್ನು ನೋಡಿ ಮರುಳಾಗುವವರು ಈ ಲೆಕ್ಕವನ್ನು ಗಮನಿಸಬೇಕು.

ಬ್ರಿಟನ್ ತನ್ನ 1968ರ ಬಂದೂಕು ಕಾಯಿದೆ ಮತ್ತು ಮರುವರ್ಷದ ನಿಯಮಗಳ ಮೂಲಕ ಗಾಳಿ ಬಂದೂಕಿಗೆ ಸುಮಾರು 16 ಜೌಲ್, ಪಿಸ್ತೂಲಿಗೆ ಸುಮಾರು 8 ಜೌಲ್ ಮಿತಿ ಹಾಕಿತು. ಅದನ್ನು ದಾಟಿದರೆ ಪರವಾನಗಿ ಕಡ್ಡಾಯ. ಸ್ಕಾಟ್ಲೆಂಡ್ ಮಾತ್ರ 2016ರ ಕೊನೆಯಿಂದ ಈ ಮಿತಿಯೊಳಗಿನ ಏರ್‌ಗನ್ನುಗಳಿಗೂ ಪರವಾನಗಿ ಬೇಕೆಂದು ಗೊತ್ತುಮಾಡಿತು. ಜರ್ಮನಿಯಲ್ಲಿ ಪಂಚಕೋನದೊಳಗೆ 'ಎಫ್' ಅಕ್ಷರ ಕೆತ್ತಿದ ಕೋವಿಗಳು ಏಳೂವರೆ ಜೌಲ್‌ನೊಳಗಿನವು. ಅವು ವಯಸ್ಕರಿಗೆ ಮುಕ್ತವಾಗಿ ದೊರೆಯುತ್ತವೆ.

ಭಾರತದಲ್ಲಿ 2016ರ ಆಯುಧ ನಿಯಮಗಳ ಪ್ರಕಾರ 20 ಜೌಲ್‌ಗಿಂತ ಹೆಚ್ಚು ಶಕ್ತಿಯ ಅಥವಾ 4.5 ಮಿಲಿಮೀಟರಿಗಿಂತ ಹೆಚ್ಚು ನಳಿಗೆ ವ್ಯಾಸದ ಏರ್‌ಗನ್ನಿಗೆ ಪರವಾನಗಿ ಬೇಕು. ಹಾಗಾಗಿ ಪರವಾನಗಿಯಿಲ್ಲದೆ ಸಿಗುತ್ತದೆ ಎಂದ ಮಾತ್ರಕ್ಕೆ ಅದು ದುರ್ಬಲ ಎಂದರ್ಥವಲ್ಲ. ಜರ್ಮನಿಯ ಮಿತಿಗಿಂತ ಎರಡೂವರೆ ಪಟ್ಟು ಶಕ್ತಿಯ ಕೋವಿಯೂ ನಮ್ಮಲ್ಲಿ ಪರವಾನಗಿಯ ಹೊರಗೇ ಉಳಿಯುತ್ತದೆ. ಅದನ್ನು ಅಡುಗೆಮನೆಯಲ್ಲಿ ಹಾರಿಸುವುದು ವಿವೇಕವಲ್ಲ.

ಶಕ್ತಿ ಕಡಿಮೆಯಾದರೆ ಗುರಿಯೂ ತಪ್ಪುತ್ತದೆ ಎಂಬ ನಂಬಿಕೆ ಹುಸಿಯೆಂಬುದಕ್ಕೆ 2008ರ ಬೀಜಿಂಗ್ ಒಲಿಂಪಿಕ್ಸ್ ಸಾಕ್ಷಿ. ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಈ ಸ್ಪರ್ಧೆಯ ಗುರಿಯ ನಡುವಿನ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಅಲ್ಲಿ ಬಳಸುವ ಬಂದೂಕುಗಳ ಶಕ್ತಿ ಸಾಮಾನ್ಯವಾಗಿ ಏಳೂವರೆ ಜೌಲ್‌ನ ಆಸುಪಾಸು.

ಮನೆಗೆ ಯಾವುದು ಸರಿ?

ಇತಿಹಾಸದ ಈ ದಾರಿಯಲ್ಲಿ ಹುಟ್ಟಿದ ಮುಖ್ಯ ಬಗೆಗಳು ಇಂದೂ ಮಾರುಕಟ್ಟೆಯಲ್ಲಿವೆ. ಮೊದಲನೆಯದು ಸ್ಪ್ರಿಂಗ್ ಕೋವಿ. ನಳಿಗೆಯನ್ನು ಮಧ್ಯದಲ್ಲಿ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಕುದುರೆ ಎಳೆದಾಗ ಅದು ಕೊಂತವನ್ನು ಮುಂದೂಡಿ ಗಾಳಿಯನ್ನು ಒತ್ತುತ್ತದೆ. ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ಶಕ್ತಿ, ಬೇರೆ ಖರ್ಚಿಲ್ಲ. ಜಾತ್ರೆಯ ಬಲೂನು ಕೋವಿ ಈ ಜಾತಿಯದು. ಎರಡನೆಯದು ಪಂಪಿನ ಕೋವಿ. ಇದರಲ್ಲಿ ಎಷ್ಟು ಬಾರಿ ಪಂಪು ಹೊಡೆಯುತ್ತೇವೆಯೋ ಅಷ್ಟು ಶಕ್ತಿ. ಒಳಗೆ ಎರಡು ಮೂರು ಪಂಪು, ಹೊರಗೆ ಎಂಟು ಹತ್ತು ಎಂದು ಬದಲಿಸಿಕೊಳ್ಳಬಹುದು. ಆದರೆ ಇನ್ನೊಂದೆರಡು ಹೊಡೆಯೋಣ ಎಂಬ ಆಸೆಯನ್ನು ಹತ್ತಿಕ್ಕಬೇಕು. ಮೂರನೆಯದು ಇಂಗಾಲಾಮ್ಲ ಅನಿಲದ ಸಣ್ಣ ಸಿಲಿಂಡರಿನದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಪಾಲ್ ಗಿಫಾರ್ ಇದನ್ನು ರೂಢಿಗೆ ತಂದ. ಸಿಲಿಂಡರ್ ಮುಗಿದಾಗಲೆಲ್ಲ ಹೊಸದನ್ನು ಕೊಳ್ಳಬೇಕು, ಚಳಿ ಸೆಕೆಗಳಿಗೆ ಶಕ್ತಿಯೂ ಏರಿಳಿಯುತ್ತದೆ. ಮುಂಚಿತವಾಗಿ ಅಧಿಕ ಒತ್ತಡದ ಗಾಳಿ ತುಂಬಿಡುವ ನಾಲ್ಕನೆಯ ಬಗೆ ಗಿರಾರ್ಡೋನಿಯ ನೇರ ವಂಶಸ್ಥ. ಅದು ದುಬಾರಿ, ಮನೆಯೊಳಗಿನ ಕೆಲಸಕ್ಕೆ ಅನಾವಶ್ಯಕ.

ಅಗ್ಗದ, ಕಡಿಮೆ ಶಕ್ತಿಯ ಸ್ಪ್ರಿಂಗ್ ಕೋವಿಯೇ ಒಳಾಂಗಣಕ್ಕೆ ಒಪ್ಪುವಂಥದು. ಆದರೆ ಕೋವಿಗಿಂತ ಗುಂಡಿನ ಆಯ್ಕೆಗೆ ಹೆಚ್ಚು ಗಮನ ಬೇಕು. ಮೆತ್ತನೆಯ ಸೀಸದ ಗುಂಡು ಗಟ್ಟಿ ವಸ್ತುವಿಗೆ ಬಡಿದಾಗ ಚಪ್ಪಟೆಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಉಕ್ಕಿನ ಗೋಲಿ ಹಾಗಲ್ಲ. ಕಲ್ಲು ಗೋಡೆಗೆ, ಗಾರೆ ನೆಲಕ್ಕೆ ತಾಗಿದರೆ ಚೆಂಡಿನಂತೆ ಪುಟಿದು ಹಿಂದಕ್ಕೆ ಬರುತ್ತದೆ. ಶಕ್ತಿ ಒಂದೆರಡು ಜೌಲ್ ಇದ್ದರೂ ಕಣ್ಣು ಕಳೆಯಲು ಸಾಕು. ಏರ್‌ಗನ್ ಗಾಯಗಳಲ್ಲಿ ವೈದ್ಯರು ಹೆಚ್ಚು ಹೆದರುವುದು ಮಕ್ಕಳ ಕಣ್ಣಿನ ಗಾಯಗಳಿಗೆ. ಕನ್ನಡಕ ಧರಿಸುವುದು, ಗುರಿಯ ಹಿಂದೆ ಮರಳು ಚೀಲದಂಥ ತಡೆ ಇರುವುದು, ಮನೆಯವರನ್ನೆಲ್ಲ ಬೇರೆಡೆ ಕಳಿಸುವುದು, ಗ್ಯಾಸ್ ಸಿಲಿಂಡರ್ ಮತ್ತು ವಿದ್ಯುತ್ ತಂತಿಗಳ ದಿಕ್ಕಿಗೆ ಹೊಡೆಯದಿರುವುದು ಕನಿಷ್ಠ ಎಚ್ಚರಿಕೆಗಳು. ಸೀಸ ವಿಷವಸ್ತುವಾದ್ದರಿಂದ ಧಾನ್ಯ, ಪಾತ್ರೆಗಳಿರುವೆಡೆ ಅದನ್ನು ಬಳಸುವಂತಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಶಕ್ತಿ ತೀರ ಕಡಿಮೆಯಾದರೆ ಇಲಿ ಸಾಯುವುದಿಲ್ಲ, ಗಾಯಗೊಂಡು ಬಿಲ ಸೇರುತ್ತದೆ. ಅಲ್ಲಿ ದಿನಗಟ್ಟಲೆ ನರಳಿ ಸತ್ತು ಮನೆಯೆಲ್ಲ ನಾರುತ್ತದೆ. ಕೆಲವೇ ಅಡಿ ಅಂತರದಿಂದ, ಅಲುಗಾಡದೆ ಕುಳಿತ ಇಲಿಯ ತಲೆಗೆ ತಪ್ಪದೆ ಹೊಡೆಯಬಲ್ಲವರಿಗೆ ಮಾತ್ರ ಈ ಕೋವಿ ಉಪಯುಕ್ತ. ಉಳಿದವರಿಗೆ ಅದು ಕ್ರೌರ್ಯದ ಸಾಧನವಾದೀತು.

ಒಂದು ಗುಬ್ಬಿಯ ಋಣ

ಕೋವಿ ಕೈಗೆ ಬಂದರೆ ಕಣ್ಣು ಇಲಿಯ ಮೇಲಷ್ಟೇ ನಿಲ್ಲುವುದಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಬದುಕಿನ ದಿಕ್ಕು ಬದಲಾದದ್ದೇ ಹೀಗೆ. ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ ಆಟದ ಏರ್‌ಗನ್ನಿನಿಂದ ಅವರು ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು. ಅದೇನೆಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಬಳಿ ಹೋದ ಹುಡುಗ ಪಕ್ಷಿಲೋಕದಲ್ಲೇ ಉಳಿದುಬಿಟ್ಟ. 1985ರಲ್ಲಿ ಪ್ರಕಟವಾದ ಆತ್ಮಕಥೆಗೆ ಅವರು ಆ ಗುಬ್ಬಿಯ ಪತನವನ್ನೇ ಹೆಸರಾಗಿ ಇಟ್ಟರು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ ಅವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಎಲ್ಲ ಏರ್‌ಗನ್ನುಗಳಿಗೂ ಇಂಥ ಸುಖಾಂತ್ಯವಿಲ್ಲ. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳ ಸಂತತಿಗೇ ಕುತ್ತು ಬಂದಾಗ, 2021ರಲ್ಲಿ ಅಲ್ಲಿನ ಸರ್ಕಾರ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭಿಸಿತು. ಮೊದಲ ವರ್ಷದಲ್ಲೇ ಒಂದೂವರೆ ಸಾವಿರಕ್ಕೂ ಹೆಚ್ಚು ಕೋವಿಗಳನ್ನು ಜನ ತಾವಾಗಿಯೇ ತಂದೊಪ್ಪಿಸಿದರು. 1972ರ ವನ್ಯಜೀವಿ ಕಾಯಿದೆಯಲ್ಲಿ ಇಲಿ, ಕಾಗೆ, ಹಣ್ಣುಬಾವಲಿಗಳನ್ನು ಉಪದ್ರವಿ ಪ್ರಾಣಿಗಳೆಂದು ಪಟ್ಟಿ ಮಾಡಲಾಗಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಮನೆಗೆ ನುಗ್ಗಿದ ಬಾವಲಿಗೋ ಅಳಿಲಿಗೋ ಗುರಿಯಿಡುವ ಮುನ್ನ ಈ ಬದಲಾವಣೆ ನೆನಪಿರಬೇಕು.

ಕೋವಿ ಗೆಲ್ಲದ ಯುದ್ಧ

ಕೊನೆಯ ಪ್ರಶ್ನೆ: ಏರ್‌ಗನ್ನಿನಿಂದ ಇಲಿಗಳ ಕಾಟ ತಪ್ಪೀತೆ? ಹೆಣ್ಣಿಲಿ ಗರ್ಭ ಧರಿಸಿದ ಮೂರು ವಾರಗಳಲ್ಲೇ ಮರಿ ಹಾಕುತ್ತದೆ. ಒಂದೊಂದು ಸೂಲಿಗೆ ಆರೇಳರಿಂದ ಹತ್ತು ಹನ್ನೆರಡು ಮರಿ. ರಾತ್ರಿಯೆಲ್ಲ ಕಾದು ಒಂದೋ ಎರಡೋ ಹೊಡೆಯುವವನು ಈ ಲೆಕ್ಕವನ್ನು ಹಿಂದಿಕ್ಕಲಾರ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟ ವರ್ಷವೇ, ರೋಗ ಇಲಿಯ ಚಿಗಟದಿಂದ ಹರಡುತ್ತದೆಂಬುದನ್ನು ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡ. ಸತ್ತ ಇಲಿಯ ಮೈಬಿಟ್ಟ ಚಿಗಟ ಮನುಷ್ಯನನ್ನು ಹುಡುಕುತ್ತದೆ ಎಂಬ ಆ ಪಾಠ ಇಂದಿಗೂ ಪ್ರಸ್ತುತ. ಇಲಿಜ್ವರವಂತೂ ಈಗಲೂ ನಮ್ಮ ನಡುವೆ ಇದೆ. ಹೊಡೆದ ಇಲಿಯನ್ನು ಬರಿಗೈಯಿಂದ ಮುಟ್ಟಬಾರದು.

ಈ ಶತಮಾನದ ಹೊಸ ಆವಿಷ್ಕಾರವೊಂದು ದುರ್ಬಲ ಕೋವಿಯ ತರ್ಕವನ್ನು ತುದಿಗೇ ಒಯ್ದಿದೆ. ಅಮೆರಿಕದ ಕಲಾವಿದ ಲೊರೆಂಜೊ ಮಾಜ್ಜೊರೆ 2012ರಲ್ಲಿ ಮಾರುಕಟ್ಟೆಗೆ ತಂದ 'ಬಗ್-ಎ-ಸಾಲ್ಟ್' ಎಂಬ ಕೋವಿ ಹಾರಿಸುವುದು ಅಡುಗೆಯ ಪುಡಿ ಉಪ್ಪನ್ನು. ಸ್ಪ್ರಿಂಗ್ ಒತ್ತಿದ ಗಾಳಿ ಚಿಟಿಕೆ ಉಪ್ಪನ್ನು ಚದುರಿಸಿ ನೊಣ, ಜಿರಳೆಗಳನ್ನು ಬೀಳಿಸುತ್ತದೆ. ಗೋಡೆ ತೂತಾಗದು, ಗಾಜು ಒಡೆಯದು. ಅದನ್ನೂ ಮನುಷ್ಯರ ಮುಖಕ್ಕೆ ಹಿಡಿಯಬಾರದೆಂಬ ಎಚ್ಚರಿಕೆ ಮಾತ್ರ ತಪ್ಪಿಲ್ಲ.

ಇಲಿಗೆ ಉಪ್ಪು ಸಾಲದು. ಹಾಗೆಂದು 20 ಜೌಲ್‌ನ ಕೋವಿಯೂ ಬೇಡ. ಗೋಡೆಯ ಬಿಲ ಮುಚ್ಚಿ, ಧಾನ್ಯವನ್ನು ತಗಡಿನ ಡಬ್ಬಕ್ಕೆ ತುಂಬಿ, ಕಸ ಎತ್ತಿ, ಬೋನು ಇಟ್ಟ ಮನೆಯಲ್ಲಿ ಬಹುಪಾಲು ಇಲಿಗಳು ಉಳಿಯುವುದಿಲ್ಲ. ಅಷ್ಟಾದ ಮೇಲೂ ಬೋನಿಗೆ ಬೀಳದೆ ಉಳಿಯುವ ಒಂದೆರಡು ಚಾಲಾಕಿ ಇಲಿಗಳಿಗಷ್ಟೇ ಏರ್‌ಗನ್ ಮೀಸಲು. ಆ ಒಂದೆರಡಕ್ಕಾಗಿ ಕೋವಿ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಅದರ ವೇಗ ಎಷ್ಟು ಹೆಚ್ಚು ಎಂದಲ್ಲ, ಎಷ್ಟು ಕಡಿಮೆ ಎಂದು. ಮನೆಗೆ ತಂದ ಮೇಲೆ ಅದನ್ನು ಇಡಬೇಕಾದ ಜಾಗ ಮಕ್ಕಳ ಕೈಗೆಟುಕದ, ಬೀಗ ಹಾಕಿದ ಕಪಾಟು.